ದೈವ ಕೂಡಿದಾಗ ಹೊರಗಿದ್ದವರು

ಗಜೇಂದ್ರಗಡದ ಗುಡ್ಡದ ಸೆರಗಿನಲ್ಲಿರುವ ನಮ್ಮೂರಿಗೆ ದೊಡ್ಡದೊಂದು ಗಾಯರಾಣ, ಅಂದರೆ ದನ ಕುರಿ ಮೇಯುವ ಗೋಮಾಳವಿದೆ. ಉತಾರದಲ್ಲಿ ಅದರ ಮಾಲೀಕರು ಸರ್ಕಾರ. ಅದರಲ್ಲಿ ಒಂದಿಷ್ಟು ಜಾಗವನ್ನು ಗಾಳಿ ಫ್ಯಾನಿನ ಕಂಪನಿಗೆ ರೆಕ್ಕೆ, ಕಂಬ ಇಳಿಸಿಕೊಳ್ಳಲು, ಕ್ರೇನು ನಿಲ್ಲಿಸಲು ಎರಡು ವರ್ಷದ ಮಟ್ಟಿಗೆ ಕೊಡಬಹುದೇ ಎಂದು ಪಂಚಾಯ್ತಿಯವರು ಊರಿನವರನ್ನು ಕೇಳಿದರು. ಶಾಸ್ತ್ರಕ್ಕೆ ಕೇಳಿದ್ದಲ್ಲ. ಡಂಗುರ ಸಾರಿಸಿದರು, ನಕಾಶೆ ತಂದು ಪಂಚಾಯ್ತಿ ಗೋಡೆಗೆ ಹಚ್ಚಿದರು, ಬಸವಣ್ಣನ ಗುಡಿಯ ಮುಂದೆ ದೈವ ಕೂಡಿಸಿದರು, ಅಂದರೆ ಊರ ಸಭೆ ಸೇರಿಸಿದರು. ಹಿಂದಿನ ಸಾಲಿನಲ್ಲಿ ಕೂತು ಸುಮ್ಮನೆ ಎದ್ದು ಹೋಗುತ್ತಿದ್ದ ಹೆಣ್ಣುಮಕ್ಕಳು ಅವತ್ತು ಬಾಯಿಬಿಟ್ಟು ಮಾತಾಡಿದರು. ಶಾಲೆ ಬಿಡುವ ಹೊತ್ತಿಗೆ ಲಾರಿ ಓಡಿಸಬಾರದು, ಧೂಳಿಗೆ ದಿನಾ ನೀರು ಹೊಡೆಯಬೇಕು, ಬಾಡಿಗೆಯ ದುಡ್ಡು ಕುಡಿಯುವ ನೀರಿಗೇ ಹೋಗಬೇಕು ಎಂದು ಷರತ್ತು ಬರೆಸಿದರು. ಎಲ್ಲರೂ ಕೈ ಎತ್ತಿದರು. ಇದೇ ಊರಿನ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ನಾನೂ ಆ ಸಭೆಯಲ್ಲಿದ್ದೆ. ಅಷ್ಟು ಚಂದಾಗಿ ನಡೆದ ಗ್ರಾಮಸಭೆಯನ್ನು ನಾನು ನೋಡಿದ್ದು ಕಡಿಮೆ.

ಮಳೆಗಾಲ ಹಿಡಿದ ಮೇಲೆ ನಮ್ಮಣ್ಣ ಕುರಿ ಹೊಡೆದುಕೊಂಡು ಬಂದ. ವರ್ಷಾ ಅವನು ಹಟ್ಟಿ ಹಾಕುವ ಜಾಗದಲ್ಲಿ ಗರಸು ಹಾಸಿ ರೋಲರ್ ಹೊಡೆದಿದ್ದರು. ಹೊಂಡಕ್ಕೆ ಹೋಗುವ ದಾರಿಗೆ ಅಡ್ಡ ತಂತಿ ಬೇಲಿ ಬಂದಿತ್ತು. ಹಿಂಡು ಬೇಲಿಯ ಗುಂಟ ನಿಂತು ಒದರುತ್ತಿತ್ತು. ಮರಿ ಹೊತ್ತಿದ್ದ ಕುದುರೆಯನ್ನು ಹಿಡಿದುಕೊಂಡು ನಮ್ಮತ್ತಿಗೆ ದೂರ ನಿಂತಿದ್ದಳು.

"ಯಾರನ್ನ ಕೇಳಿ ಹಾಕ್ಯಾರ ತಂಗೀ ಇದನ್ನ?"

"ಊರನ್ನ ಕೇಳೇ ಹಾಕ್ಯಾರ ಅಣ್ಣಾ."

"ಹಂಗಾರ ನಾವ್ಯಾರು?"

ಅವನು ಸಿಟ್ಟಿನಿಂದ ಕೇಳಲಿಲ್ಲ. ಉತ್ತರ ಇದ್ದೇ ಇರುತ್ತದೆ, ಕಲಿತ ತಂಗಿ ಹೇಳುತ್ತಾಳೆ ಎಂದು ಕೇಳಿದ. ಈ ಬರಹ ಆ ಉತ್ತರದ ಹುಡುಕಾಟ.

ಕುರಿ ಯಾಕೆ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ನನ್ನ ತವರು ನರಗುಂದ ತಾಲ್ಲೂಕು, ಹಾಲುಮತದ ಕುರುಬರ ಮನೆ. ನರಗುಂದ, ರೋಣದ ಕಡೆ ನೆಲವೆಲ್ಲ ಎರಿ. ಮಳೆ ಬಿತ್ತೆಂದರೆ ಆ ಮಣ್ಣು ಕುರಿಯ ಗೊರಸಿನ ಸಂದಿಯಲ್ಲಿ ಮೆತ್ತಿಕೊಂಡು ಕಾಲು ಕೊಳೆಯುತ್ತದೆ; ಹೊಲದಲ್ಲಿ ಹೆಸರು, ಹತ್ತಿ ನಿಂತಿರುವಾಗ ಕಾಲಿಡಲು ಜಾಗವೂ ಇರುವುದಿಲ್ಲ. ಅದಕ್ಕೆ ಮಳೆಗಾಲದಲ್ಲಿ ಹಿಂಡುಗಳು ಗಜೇಂದ್ರಗಡದ ಕಡೆಯ ಮಸಾರಿ, ಮಡ್ಡಿ, ಗುಡ್ಡ ಹುಡುಕಿಕೊಂಡು ಏರುತ್ತವೆ. ಹಿಂಗಾರಿ ಜೋಳ, ಕಡಲೆ ಕಿತ್ತ ಮೇಲೆ ತಿರುಗಿ ಎರಿಗೆ ಇಳಿಯುತ್ತವೆ. ಆಗ ರೈತರೇ ಕರೆದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿ ಹೊಲದ ಒಂದು ಮಗ್ಗುಲಿಗೆ ಬಲೆ ಕಟ್ಟಿ ಹಿಂಡು ಕೂಡಿಸುವುದು, ಮರುದಿನ ಬಲೆ ಕಿತ್ತು ಪಕ್ಕದ ಪಟ್ಟಿಗೆ ಸರಿಸುವುದು. ಹೀಗೆ ಸರಿಸುತ್ತ ಹೋದರೆ ಹಿಕ್ಕಿ, ಉಚ್ಚೆ ಹೊಲಕ್ಕೆಲ್ಲ ಸಮನಾಗಿ ಬೀಳುತ್ತದೆ. ಬೆಳಗಾಗುತ್ತಲೇ ಹೊಲದವನು ಬಂದು ಬರಿಗಾಲಲ್ಲಿ ಆ ಪಟ್ಟಿಯ ಮೇಲೆ ಅಡ್ಡಾಡಿ ಹಿಕ್ಕಿ ಎಷ್ಟು ದಟ್ಟವಾಗಿದೆ ನೋಡುತ್ತಾನೆ. ತೆಳ್ಳಗಿದ್ದ ಕಡೆ ಇನ್ನೊಂದು ರಾತ್ರಿ ನಿಲ್ಲಿಸು ಅನ್ನುತ್ತಾನೆ. ಅದಕ್ಕೆ ಕಾಳೋ ರೊಕ್ಕವೋ ಕೊಡುತ್ತಾನೆ. ನೆಲದ ಮೇಲೆ ಕೆಲವೇ ರಾತ್ರಿ ಇದ್ದು, ಇದ್ದದ್ದಕ್ಕೆ ನೆಲದೊಡೆಯನಿಂದಲೇ ಕೂಲಿ ಪಡೆಯುವ ಜನ ಇವರು. ಬಾಡಿಗೆ ಕೊಟ್ಟು ನೆಲ ಹಿಡಿಯುವ ಯಾವ ಕಂಪನಿಗೂ ಈ ಮಾತು ಹೇಳಲಾಗದು.

ಊರನ್ನು ಕೇಳುವುದನ್ನು ನಾನು ಹಗುರವಾಗಿ ನೋಡುತ್ತಿಲ್ಲ. ನರಗುಂದದವಳಾಗಿ ಹಾಗೆ ನೋಡಲು ಬರುವುದೇ ಇಲ್ಲ. ಮಲಪ್ರಭೆಯ ಕಾಲುವೆಯ ನೀರು ಹೊಲ ಮುಟ್ಟಿದೆಯೋ ಇಲ್ಲವೋ ನೋಡದೆ, ರೈತನನ್ನು ಕೇಳದೆ ಅಭಿವೃದ್ಧಿ ಕರ ಹೇರಿದ್ದಕ್ಕೆ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಏನಾಯಿತೆಂದು ನಾಡಿಗೇ ಗೊತ್ತು. ಗೋಲಿಬಾರ್ ಆಯಿತು, ಜೀವಗಳು ಹೋದವು, ಒಂದು ರೈತ ಚಳವಳಿಯೇ ಹುಟ್ಟಿತು. ಏಳು ವರ್ಷದ ಮೇಲೆ, ಆಗಿನ ಧಾರವಾಡ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ಗಾಯರಾಣಕ್ಕೆ ನುಗ್ಗಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. 1987ರ ನವೆಂಬರ್ 14ರ ಆ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದ ಹಿಂದೆ ಇದ್ದದ್ದೂ ಇದೇ ಪ್ರಶ್ನೆ. 1984ರಲ್ಲಿ ಸರ್ಕಾರ ಹಲವು ಜಿಲ್ಲೆಗಳ ಸಾವಿರಾರು ಎಕರೆ ಹುಲ್ಲುನೆಲವನ್ನು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಬರೆದುಕೊಟ್ಟಾಗ ಅಲ್ಲಿ ದನ ಮೇಯಿಸುವವರನ್ನು ಯಾರೂ ಕೇಳಿರಲಿಲ್ಲ. ಕೋರ್ಟು, ಬೀದಿ ಎರಡೂ ಕಡೆ ಹೋರಾಡಿದ ಮೇಲೆ 1991ರಲ್ಲಿ ಆ ಕಂಪನಿ ಮುಚ್ಚಿತು. ಕೇಳಿಸಿಕೊಳ್ಳುವ ಹಕ್ಕಿಗೆ ನಮ್ಮ ಭಾಗದವರು ಬೆಲೆ ತೆತ್ತಿದ್ದಾರೆ. ಹಾಗಾಗಿ ಬಸವಣ್ಣನ ಗುಡಿಯ ಮುಂದೆ ಕೈ ಎತ್ತಿದ ಹೆಂಗಸರನ್ನು ಕಂಡು ನನಗೆ ಹೆಮ್ಮೆಯೇ ಆಯಿತು.

ಆದರೆ ಕೇಳುವುದು ಎಂದ ಕೂಡಲೇ ಯಾರನ್ನು ಎಂಬ ಪ್ರಶ್ನೆ ಬರುತ್ತದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ತೆಗೆಯಬೇಕೋ ಬೇಡವೋ ಎಂಬುದನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಆ ಗುಡ್ಡ ಡೊಂಗರಿಯಾ ಕೊಂಧ್ ಬುಡಕಟ್ಟಿನವರಿಗೆ ದೇವರು, ನಿಯಮರಾಜನ ಪೀಠ. ಅವರ ದೇವರ ಹಕ್ಕನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದ ಆ ತೀರ್ಪನ್ನು ನಾನು ಬಹಳ ದೊಡ್ಡದೆಂದು ತಿಳಿದಿದ್ದೇನೆ. ಹನ್ನೆರಡು ಗ್ರಾಮಸಭೆ ನಡೆದವು, ಹನ್ನೆರಡೂ ಬೇಡವೆಂದವು. ಅಲ್ಲಿಯೂ ತಕರಾರು ಎದ್ದಿತು: ಗುಡ್ಡವನ್ನು ಪೂಜಿಸುವ ಹಳ್ಳಿಗಳು ಅದೆಷ್ಟೋ ಇರುವಾಗ ಹನ್ನೆರಡನ್ನೇ ಆರಿಸಿದ್ದು ಯಾಕೆ? ಯಾರನ್ನು ಕೇಳಬೇಕೆಂದು ಗೆರೆ ಎಳೆಯುವವನು ಅರ್ಧ ಉತ್ತರವನ್ನು ಆಗಲೇ ಬರೆದಿರುತ್ತಾನೆ.

ಈ ಗೆರೆ ಹೊಸದಲ್ಲ. ರೋಣ ಮತ್ತು ಗಜೇಂದ್ರಗಡದ ನಡುವೆ ಸೂಡಿ ಇದೆ. ಜೋಡು ಕಳಸದ ಗುಡಿ, ನಾಗಕುಂಡ ನೋಡಲು ಮಕ್ಕಳನ್ನು ಕರೆದೊಯ್ಯುತ್ತಿದ್ದೆ. ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳುತ್ತಿದ್ದಾಗ, ಹನ್ನೊಂದನೆಯ ಶತಮಾನದ ನಡುವಿನಲ್ಲಿ, ಈ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಹಳೆಯ ಕಟ್ಟುಪಾಡನ್ನು ಮತ್ತೆ ಊರ್ಜಿತ ಮಾಡಿಕೊಟ್ಟ ಶಾಸನ ಇಲ್ಲಿಯದು. ಒಬ್ಬ ಹೆಣ್ಣುಮಗಳ ಆಡಳಿತ ಊರಿನ ಒಕ್ಕಲನ್ನು ಎಣಿಸಿ ಮಾನ್ಯ ಮಾಡಿತೆಂದು ಓದುವಾಗ ಸಂತೋಷವಾಗುತ್ತದೆ. ಆದರೂ ಎಂಬತ್ತು ಎಂದು ಎಣಿಸುವಾಗ ಮನೆ ಇದ್ದವರನ್ನೇ ಎಣಿಸುವುದು. ಅಂದು ಸೂಡಿಯ ಕೆರೆಗೆ ಕುರಿ ಇಳಿಸಿದವರು ಆ ಎಂಬತ್ತರಲ್ಲಿ ಇದ್ದಾರೆಂದು ನನಗೆ ಅನ್ನಿಸುವುದಿಲ್ಲ.

ಇಂದಿನ ಕಾಯ್ದೆಯೂ ಹಾಗೇ ಎಣಿಸುತ್ತದೆ. ಸಂವಿಧಾನದ ಪ್ರಕಾರ ಗ್ರಾಮಸಭೆ ಎಂದರೆ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು. ಅಣ್ಣನ ಹೆಸರು ನರಗುಂದ ತಾಲ್ಲೂಕಿನ ಪಟ್ಟಿಯಲ್ಲಿದೆ, ಅಲ್ಲಿಯ ಸಭೆ ನಡೆಯುವಾಗ ಅವನು ಗುಡ್ಡದಲ್ಲಿರುತ್ತಾನೆ. ಗುಡ್ಡದ ಊರಿನ ಸಭೆಯಲ್ಲಿ ಅವನು ಪರಊರಿನವನು. ಎರಡೂ ಕಡೆ ಅವನಿಗೆ ಬಾಯಿಲ್ಲ. ಇದಕ್ಕೆ ಎದುರಾಗಿ ಅದೇ ಸರ್ಕಾರದ ಇನ್ನೊಂದು ನಿಯಮ ಇದೆ, ಅದನ್ನು ಓದಿದಾಗೆಲ್ಲ ನನಗೆ ಅಚ್ಚರಿ. ಕರ್ನಾಟಕ ಭೂಕಂದಾಯ ನಿಯಮಗಳು, 1966, ನಿಯಮ 97: ಊರಿನ ಪ್ರತಿ 100 ಜಾನುವಾರಿಗೆ 30 ಎಕರೆಯಂತೆ ಗೋಮಾಳ ಕಾದಿಡಬೇಕು. ಅಂದರೆ ಆ ನೆಲದ ಅಳತೆ ಮನುಷ್ಯರ ಲೆಕ್ಕದಲ್ಲಿ ಇಲ್ಲ, ಮೇಯುವ ಬಾಯಿಗಳ ಲೆಕ್ಕದಲ್ಲಿದೆ. ನೆಲ ಇರುವುದು ಮೂಕಪ್ರಾಣಿಯ ಹೆಸರಿನಲ್ಲಿ. ಬಿಟ್ಟುಕೊಡುವ ಮಾತು ಮಾತ್ರ ಮನುಷ್ಯರದು. ದೇವರ ಹೆಸರಿನಲ್ಲಿ ಬಿಟ್ಟ ಗೂಳಿ ಯಾರ ಹೊಲಕ್ಕೆ ಹೊಕ್ಕರೂ ಹೊಡೆಯದ ಜನ ನಾವು. ಆ ಧರ್ಮ ಗೊತ್ತಿದ್ದವರಿಗೆ ಈ ನಿಯಮ ಅರ್ಥವಾಗುವುದು ಕಷ್ಟವಲ್ಲ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮದು ಶರಣರ ನೆಲ. ಸ್ಥಾವರ, ಜಂಗಮ ಎಂಬ ಎರಡು ಮಾತು ಇಲ್ಲಿ ಕೂಸಿಗೂ ಗೊತ್ತು. ಮನೆಗೆ ಜಂಗಮರು ಬಂದರೆ ಮಣೆ ಹಾಕಿ ಪಾದಪೂಜೆ ಮಾಡುತ್ತೇವೆ. ನಿಂತದ್ದಕ್ಕಿಂತ ನಡೆಯುವುದು ದೊಡ್ಡದು ಎಂಬ ತತ್ವವನ್ನು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ನೆಲದ ಮಾತು ಬಂದಾಗ ಮಾತ್ರ ನಿಂತವರನ್ನಷ್ಟೇ ಕೇಳುತ್ತೇವೆ: ಮನೆ ನಂಬರು ಇದ್ದವರು, ಕರ ಕಟ್ಟುವವರು, ಪಟ್ಟಿಯಲ್ಲಿ ಹೆಸರಿದ್ದವರು. ಕಂಬಳಿ ಹೊದ್ದು ಬಂದವನಿಗೆ ಮಣೆ ಇಲ್ಲ.

ಶೂನ್ಯಸಂಪಾದನೆಯಲ್ಲಿ ಬರುವ ಒಂದು ಕಥೆ ನನಗೆ ಇಲ್ಲಿ ದಾರಿ ತೋರಿಸುತ್ತದೆ. ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ತೋಡಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ. ಎಲ್ಲವೂ ಲೋಕಹಿತದ ಕೆಲಸ. ಊರೆಲ್ಲ ಒಪ್ಪಿ, ಕೈ ಜೋಡಿಸಿ ಮಾಡುತ್ತಿದೆ. ಅಲ್ಲಿಗೆ ಅಲ್ಲಮ ಬರುತ್ತಾನೆ. ಬಳ್ಳಿಗಾವೆಯ ಕಡೆಯಿಂದ ಹೊರಟು ತಿರುಗುತ್ತಿರುವವನು, ಆ ಊರಿಗೆ ಸಂಬಂಧಪಟ್ಟವನಲ್ಲ. ಬಂದವನು ನಡೆಯುತ್ತಿರುವ ಕಾಮಗಾರಿಯನ್ನೇ ಪ್ರಶ್ನೆ ಮಾಡುತ್ತಾನೆ. ಕೆಲಸಗಾರರಿಗೆ ಸಿಟ್ಟು ಬರುತ್ತದೆ, ಕಲ್ಲು ಎಸೆಯುತ್ತಾರೆ. ಸಿದ್ಧರಾಮನೂ ಮೊದಲು ಸಿಟ್ಟಿನಿಂದಲೇ ಬಂದವನು. ಆಮೇಲೆ ಕೂತು ಕೇಳುತ್ತಾನೆ. ಕೇಳಿದ ಮೇಲೆ ಅವನ ಬದುಕೇ ಹೊರಳಿ ಕಲ್ಯಾಣದ ದಾರಿ ಹಿಡಿಯುತ್ತದೆ. ಈ ಕಥೆಯನ್ನು ಪಂಡಿತರು ಯೋಗ ದೊಡ್ಡದೋ ಕರ್ಮ ದೊಡ್ಡದೋ ಎಂದು ವಿವರಿಸುತ್ತಾರೆ. ಅದು ನಿಜವೇ. ಆದರೆ ನನಗೆ ಕಾಣುವುದು ಇನ್ನೊಂದು: ಊರಿನವರೆಲ್ಲ ಒಪ್ಪಿದ ಕೆಲಸದಲ್ಲಿ ಊರಿನವರಿಗೇ ಕಾಣದ ಕೊರತೆಯೊಂದು ಇರುತ್ತದೆ, ಅದು ನಡೆದು ಬಂದವನ ಕಣ್ಣಿಗೇ ಬೀಳಬೇಕು. ಇನ್ನು ಕಲ್ಯಾಣದಲ್ಲಿ ಏನಾಯಿತು? ಅಷ್ಟು ಮಂದಿ ಕೂಡುವ ಅನುಭವ ಮಂಟಪದ ಶೂನ್ಯಸಿಂಹಾಸನಕ್ಕೆ ಬಸವಣ್ಣ ತಾನು ಏರಲಿಲ್ಲ. ಅಲ್ಲಿ ಮನೆ ಮಾಡದ, ಒಂದು ಕಡೆ ನಿಲ್ಲದ ಅಲ್ಲಮನನ್ನು ಕೂರಿಸಿದರೆಂದು ಪರಂಪರೆ ಹೇಳುತ್ತದೆ. ಸಭೆಯ ನಡುಪೀಠ ಪರಸ್ಥಳದವನಿಗೆ! ನಮ್ಮ ಗ್ರಾಮಸಭೆಗಳನ್ನು ಅನುಭವ ಮಂಟಪಕ್ಕೆ ಹೋಲಿಸಿ ಭಾಷಣ ಮಾಡುವ ನಾಯಕರು ಇದನ್ನು ಮರೆತುಬಿಡುತ್ತಾರೆ.

ಪಂಚಾಯ್ತಿಯ ಹಿರಿಯ ಸದಸ್ಯರೊಬ್ಬರ ಮುಂದೆ ಈ ಮಾತು ತೆಗೆದೆ. ಒಳ್ಳೆಯ ರೈತ, ಅಣ್ಣನ ಕುರಿಯನ್ನು ತಮ್ಮ ಹೊಲದಲ್ಲೂ ನಿಲ್ಲಿಸಿಕೊಂಡವರು. ಅವರು ಕೊಟ್ಟ ಉತ್ತರ ತೂಕದ್ದು.

"ನೋಡ್ರೀ ಅಕ್ಕೋರ, ಧೂಳು ತಿನ್ನೋರು ನಾವು, ಸಪ್ಪಳ ಕೇಳೋರು ನಾವು. ಬಂದು ಹೋಗೋರನ್ನೆಲ್ಲ ಕೇಳ್ಕೋತ ಕುಂತ್ರ ಆ ಕಂಪನಿಯವನೂ ಬಂದು ಹೋಗೋವ್ನ ಅಲ್ಲೇನ್ರಿ? ಅವನಿಗೂ ಒಂದು ಕೈ ಎತ್ತಾಕ ಕೊಡೂನೇನು?"

ಇದಕ್ಕೆ ಅವಸರದಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಚಲಿಸುವುದೇ ಜಂಗಮವಾದರೆ ಲಾರಿಯೂ ಜಂಗಮ, ದಲ್ಲಾಳಿಯೂ ಜಂಗಮ. ಹಾಗಲ್ಲ. ಬಹಳ ಯೋಚಿಸಿದ ಮೇಲೆ ನನಗೆ ಹೊಳೆದ ವ್ಯತ್ಯಾಸ ತಿರುಗಿ ಬರುವುದರಲ್ಲಿದೆ. ಕುರುಬ ಬರುವ ವರ್ಷ ಇದೇ ನೆಲಕ್ಕೆ ಬರಬೇಕು. ಇಲ್ಲಿ ಹುಲ್ಲು ಬೇರು ಸಮೇತ ಹೋದರೆ ಅವನ ಕುರಿಯೇ ಸಾಯುತ್ತದೆ, ಹೊಂಡ ಕೆಟ್ಟರೆ ಅವನ ಮಕ್ಕಳೇ ಆ ನೀರು ಕುಡಿಯಬೇಕು. ಅವನ ಅಪ್ಪ ಇಲ್ಲಿಗೆ ಬಂದಿದ್ದ, ಮಗನೂ ಬರುತ್ತಾನೆ. ನೆಲಕ್ಕೆ ಮಾಡಿದ್ದನ್ನು ತಾನೇ ಉಣ್ಣುವವನು ಅವನು. ರೆಕ್ಕೆ ಏರಿಸಿ ಹೋಗುವ ಗುತ್ತಿಗೆದಾರನಿಗೆ ಈ ಊರಿನ ಹೆಸರೂ ಮುಂದಿನ ವರ್ಷ ನೆನಪಿರಬೇಕಾಗಿಲ್ಲ. ಕೇಳಿಸಿಕೊಳ್ಳುವ ಹಕ್ಕು ವಾಸದಿಂದ ಮಾತ್ರ ಹುಟ್ಟುವುದಿಲ್ಲ, ಮರಳಿ ಬರುವುದರಿಂದಲೂ ಹುಟ್ಟುತ್ತದೆ ಎಂದು ನಾನು ನಂಬುತ್ತೇನೆ. ವಾಸ ಮಾಡುವವನೂ ದಿನಾ ಸಂಜೆ ಅದೇ ನೆಲಕ್ಕೆ ಮರಳುವವನೇ. ಅವನ ಹಕ್ಕಿನ ಬುಡವೂ ಅದೇ. ಅಣ್ಣನ ಹಕ್ಕಿಗೂ ಆ ಸದಸ್ಯರ ಹಕ್ಕಿಗೂ ಜಾತಿ ಬೇರೆ ಅಲ್ಲ, ಸುತ್ತಿನ ಉದ್ದ ಬೇರೆ.

ಹೀಗೆ ನೋಡಿದರೆ ತಾತ್ಕಾಲಿಕ ಎನ್ನುವುದನ್ನೂ ದಿನ ಎಣಿಸಿ ತೀರ್ಮಾನಿಸಲಾಗದು. ಯುಗಾದಿ ಕಳೆದ ಮೇಲೆ ಕಾಲಕಾಲೇಶ್ವರನ ಜಾತ್ರೆಗೆ ಗುಡ್ಡದ ಬುಡವೆಲ್ಲ ಅಂಗಡಿ, ಗುಡಾರ, ತೊಟ್ಟಿಲು ತುಂಬುತ್ತವೆ. ತೇರು ಮುಗಿದು ಜನ ಚದುರಿದ ಮೇಲೆ ಮೊದಲ ಮಳೆಗೆ ಗೂಟದ ಕುಣಿ ಮುಚ್ಚಿ ಹುಲ್ಲು ಏಳುತ್ತದೆ. ನರಗುಂದದಲ್ಲಿ 2015ರ ಜುಲೈನಲ್ಲಿ ಕಳಸಾ ಬಂಡೂರಿ ನೀರಿಗಾಗಿ ಹಾಕಿದ ಧರಣಿಯ ಚಪ್ಪರ ವರ್ಷಗಟ್ಟಲೆ ನಿಂತಿತು. ಆ ನೀರಿನ ವ್ಯಾಜ್ಯದಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಕೊಟ್ಟದ್ದೇ 2018ರ ಆಗಸ್ಟ್‌ನಲ್ಲಿ. ಸಾರ್ವಜನಿಕ ಜಾಗದಲ್ಲಿ ಅಷ್ಟು ಕಾಲ ಇದ್ದರೂ ಅದನ್ನು ಅತಿಕ್ರಮಣ ಎನ್ನಲು ನನಗೆ ಬಾಯಿ ಬಾರದು. ಬೇಡಿದ್ದು ಸಿಕ್ಕ ಮರುದಿನ ಎದ್ದು ಹೋಗುತ್ತೇವೆಂದು ಕೂತವರು ಅವರು. ನಮ್ಮ ಗಾಯರಾಣದ ಗರಸು ಎರಡೇ ವರ್ಷದ್ದು ಎಂದು ಠರಾವಿನಲ್ಲಿದೆ. ಆದರೆ ರೋಲರ್ ಹೊಡೆದ ಗರಸಿನಡಿ ಹುಲ್ಲಿನ ಬೀಜ ಎರಡು ವರ್ಷ ಉಸಿರು ಹಿಡಿದುಕೊಂಡು ಕೂರುವುದಿಲ್ಲ. ಅದನ್ನು ಕಿತ್ತು, ಮಣ್ಣು ಸಡಿಲ ಮಾಡಿ, ಮತ್ತೆ ಹುಲ್ಲು ಬರಿಸಿಕೊಡಬೇಕೆಂಬ ಷರತ್ತು ಯಾರಿಗೂ ಹೊಳೆಯಲಿಲ್ಲ. ಅಣ್ಣ ಸಭೆಯಲ್ಲಿದ್ದಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದ. ಹುಲ್ಲು ಅವನ ವಿದ್ಯೆ.

ಕುರುಬರದ್ದಷ್ಟೇ ಮಾತಲ್ಲ. ಗಜೇಂದ್ರಗಡ, ರೋಣದ ತಾಂಡಾಗಳಿಂದ ಸುಗ್ಗಿ ಮುಗಿಯುತ್ತಲೇ ಗೋವಾ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು. ಗುಳೆ ಹೋದವರ ಹೆಸರು ಪಟ್ಟಿಯಲ್ಲಿದೆ, ಮನೆಗೆ ನಂಬರೂ ಇದೆ. ಸಭೆ ನಡೆದ ದಿನ ಅವರು ಯಾವುದೋ ಊರಿನ ಸ್ಲ್ಯಾಬಿನ ಮೇಲೆ ಕಾಂಕ್ರೀಟು ಹೊರುತ್ತಿರುತ್ತಾರೆ. ಬಂದು ಹೋಗುವ ಹಕ್ಕಿಗಳನ್ನೂ ನೋಡಿ: ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಸುತ್ತಲ ರೈತರ ಹೊಲದಲ್ಲಿ ಮೇಯ್ದು ಕೆರೆಗೆ ಮರಳುತ್ತವೆ. 2024ರಲ್ಲಿ ಆ ಕೆರೆಗೆ ಜಾಗತಿಕ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಬಂದು ಹೋಗುವ ಹಕ್ಕಿಗಾಗಿ ನೆಲ, ನೀರು ಕಾಯಬೇಕೆಂದು ಜಗತ್ತು ಒಪ್ಪಿದೆ. ಬಂದು ಹೋಗುವ ಮನುಷ್ಯನಿಗೂ ಆ ಮನ್ನಣೆ ಸಿಗಲಿ ಎಂಬುದು ನನ್ನ ಕೋರಿಕೆ.

ಮಾಡಲಾಗದ್ದನ್ನು ನಾನು ಕೇಳುತ್ತಿಲ್ಲ. ಗಾಯರಾಣದ ಮಾತಿರುವ ಸಭೆಯನ್ನು ಗುಡ್ಡದ ಊರುಗಳಲ್ಲಿ ಶ್ರಾವಣದ ಹೊತ್ತಿಗೆ ಕರೆಯಿರಿ, ಆಗ ಹಿಂಡುಗಳು ಇಲ್ಲೇ ಇರುತ್ತವೆ. ಎರಿಯ ಊರುಗಳಲ್ಲಿ ಜೋಳ ಕಿತ್ತ ಮೇಲೆ ಕರೆಯಿರಿ. ಊರೊಳಗೆ ಸಾರಿದ ಡಂಗುರವನ್ನು ಅಮೀನಗಡದ ಕುರಿ ಸಂತೆಯಲ್ಲೂ ಸಾರಿಸಿ; ಒಂದು ಸಂತೆಯಲ್ಲಿ ಹೇಳಿದ ಮಾತು ಎಲ್ಲ ಹಟ್ಟಿಗೂ ತಲುಪುತ್ತದೆ. ಗುಳೆ ಹೋದವರಿಗೆ ಫೋನು ಹಚ್ಚಿ ಕೇಳಿ, ಹೇಳಿದ್ದನ್ನು ಪುಸ್ತಕದಲ್ಲಿ ಬರೆಯಿರಿ. ವರ್ಷಾ ಬರುವ ಹಟ್ಟಿಗಳ ಹೆಸರು, ಅವು ಹಿಡಿಯುವ ದಾರಿ, ನೀರು ಕುಡಿಯುವ ಹೊಂಡ ಇಷ್ಟನ್ನು ದಾಖಲು ಮಾಡಲು ಒಂದು ವಹಿ ಸಾಕು. ಮತ ಹಾಕುವ ಹಕ್ಕು ಕಾಯ್ದೆ ಕೊಡದಿದ್ದರೆ ಕೊಡದಿರಲಿ. ಮಾತಾಡಲು ಯಾವ ಕಾಯ್ದೆಯೂ ಅಡ್ಡ ಬಂದಿಲ್ಲ. ದೈವ ಕೂಡಿದಾಗ ಮೊದಲ ಮಾತು ಹೊರಗಿನಿಂದ ಬಂದವರಿಗೆ ಕೊಡಿ, ಆಮೇಲೆ ಊರಿನವರು ಮಾತಾಡಲಿ. ಊರಿನ ಹಿರಿಯರು ಆಡಿ ಮುಗಿಸಿದ ಮೇಲೆ ಕಂಬಳಿಯವನು ಎದ್ದು ಬೇರೆ ಮಾತು ಹೇಳುವ ಧೈರ್ಯ ಮಾಡುವುದಿಲ್ಲ. ನಮ್ಮಪ್ಪ ಮಾಡಲಿಲ್ಲ, ನಮ್ಮಣ್ಣನೂ ಮಾಡಲಾರ.